ಬೋರಲು ಹಾಕದ ಒರಳು

ಭದ್ರಾವತಿಯ ಹಳೇನಗರದಲ್ಲಿ ಮನೆ ಮನೆಗೆ ಹೋಗಿ ಸೊಳ್ಳೆಮರಿ ಹುಡುಕುವುದು ನನ್ನ ಕೆಲಸ. ಡ್ರಮ್ಮು, ಸಂಪು, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲದಕ್ಕೂ ಟಾರ್ಚ್ ಬಿಟ್ಟು ನೋಡಿ, ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಬರುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ನಾನು ಬೀದಿಗೆ ಕಾಲಿಟ್ಟ ಕೂಡಲೇ ಹೆಂಗಸರು ಒಳಗೆ ಓಡಿ ಡ್ರಮ್ಮಿಗೆ ಬಟ್ಟೆ ಕಟ್ಟುವುದನ್ನು ಕಂಡು ಒಳಗೊಳಗೇ ಬೀಗಿದ್ದೂ ಉಂಟು.

ನಮ್ಮ ಹಿತ್ತಲಲ್ಲೇ ಒಂದು ಒರಳುಕಲ್ಲಿತ್ತು. ಅತ್ತೆ ಮದುವೆಯಾಗಿ ಬಂದಾಗ ಕುಂಸಿಯ ತವರಿನಿಂದ ಗಾಡಿಯಲ್ಲಿ ತಂದದ್ದು. ಮನೆಗೆ ಗ್ರೈಂಡರ್ ಬಂದ ಮೇಲೆ ಅದು ಹಿತ್ತಲು ಸೇರಿತು. ಮಳೆ ಬಂದರೆ ಗುಂಡಿ ತುಂಬುತ್ತಿತ್ತು. ಬೋರಲು ಹಾಕೋಣವೆಂದು ಕೇಳಿದಾಗೆಲ್ಲ ಅತ್ತೆಯದು ಒಂದೇ ಮಾತು. “ಒರಳು ಬೋರಲು ಹಾಕೋದು ಸಾವಾದ ಮನೇಲಿ ಮಾರಾಯ್ತಿ. ನಾನಿರೋ ತನಕ ಬೇಡ.”

ಅವರ ತವರಿನಲ್ಲಿ ಹಾಗೆ ನಡೆದುಕೊಂಡು ಬಂದಿತ್ತಂತೆ. ನಾನೂ ಹಟ ಹಿಡಿಯಲಿಲ್ಲ. ನಾನು ಬೀದಿ ಸುತ್ತುವಾಗ ನನ್ನ ಮಗಳಿಗೆ ಊಟ ಹಾಕಿ, ಜಡೆ ಹೆಣೆದವರು ಅತ್ತೆ. ಅವರ ಮನಸ್ಸು ನೋಯಿಸುವುದು ನನಗೆ ಬೇಕಿರಲಿಲ್ಲ. ವಾರಕ್ಕೊಮ್ಮೆ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂತು. ಜೀವ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕ ಕೂತಿದ್ದೆವು. ಅವಳು ಉಳಿದಳು. ಮಳೆ ನಿಂತಿತು, ಒರಳು ಒಣಗಿತು, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಬೇಸಿಗೆ ಕೊನೆಗೆ ನಮಗೆಲ್ಲ ಶಿವಮೊಗ್ಗದಲ್ಲಿ, ಕೋಟೆಯ ಹತ್ತಿರದ ಒಂದು ಸಭಾಂಗಣದಲ್ಲಿ ತರಬೇತಿ ಇತ್ತು. ಸೊಳ್ಳೆಗೆ ವೈರಸ್ ಬರಲು ಪ್ರತಿ ಸಲವೂ ರೋಗಿಯೇ ಬೇಕೆಂದಿಲ್ಲ ಎಂದು ಅಧಿಕಾರಿ ವಿವರಿಸಿದರು. ತಾಯಿ ಸೊಳ್ಳೆಯಿಂದ ಮೊಟ್ಟೆಗೆ ಅದು ದಾಟಬಹುದು. ಹಾಗೆ ಹುಟ್ಟಿದ ಗಂಡು ಸೊಳ್ಳೆ ಕೂಡುವಾಗ ಹೆಣ್ಣಿಗೂ ದಾಟಿಸಬಹುದು. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತವೆ. ನೀರು ತಾಗಿದರೆ ಮರಿಯಾಗುತ್ತವೆ, ಅವುಗಳಲ್ಲಿ ತೀರ ಕೆಲವು ಹುಟ್ಟುವಾಗಲೇ ವೈರಸ್ ಹೊತ್ತಿರಬಹುದು. ಅದಕ್ಕೇ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಬೇಕು ಎಂದರು.

ಮಾರನೆಯ ದಿನದಿಂದಲೇ ಮನೆ ಮನೆಯಲ್ಲೂ ನಾರು ಹಿಡಿದು ಉಜ್ಜಿ ಎಂದು ಗಂಟಲು ಹರಿದುಕೊಂಡೆ. ನಮ್ಮ ಒರಳಿನಲ್ಲಿ ಧೂಳು, ಎರಡು ಸೀಬೆ ಎಲೆ, ಅಷ್ಟೇ ಇತ್ತು. ಉಜ್ಜಲು ಅದನ್ನು ಬೋರಲು ಹಾಕುವುದೇನೂ ಬೇಕಿರಲಿಲ್ಲ, ಅತ್ತೆಯ ಅಡ್ಡಿಯೂ ಇರಲಿಲ್ಲ. ಒಣಕಲ್ಲನ್ನು ಏನು ಉಜ್ಜುವುದು, ಭಾನುವಾರ ನೋಡಿದರಾಯಿತು ಎಂದುಕೊಂಡೆ. ಭಾನುವಾರಗಳು ಬಂದವು, ಹೋದವು. ಮಳೆ ಹಿಡಿಯಿತು. ಕೆಲಸ ಮೈಮೇಲೆ ಬಿದ್ದು ವಾರಗಟ್ಟಲೆ ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಮಾತ್ರ ಮಧ್ಯಾಹ್ನ ಮಳೆ ಹೊಳವಾದಾಗ ಅದೇ ಒರಳಿನ ಪಕ್ಕ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು.

ಜ್ವರ ಬಂದದ್ದು ಅವರಿಗೆ. ನಮ್ಮ ಬೀದಿಯಲ್ಲಿ ಆಗ ಇನ್ನೊಬ್ಬರಿಗೆ ಜ್ವರವಿರಲಿಲ್ಲ. ಮನೆಗೆ ಯಾರು ಬಂದಿದ್ದರು, ಎಲ್ಲಿಂದ ತಂದರು ಎಂದು ಅಕ್ಕಪಕ್ಕದವರು ಕೇಳಿದರು. ಯಾರೂ ಬಂದಿರಲಿಲ್ಲ. ಅತ್ತೆ ಮುಂಬಾಗಿಲ ಹೊಸ್ತಿಲು ದಾಟಿ ತಿಂಗಳೇ ಆಗಿತ್ತು.

ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ, ಡೆಂಗಿ ಎಂದು ಗೊತ್ತಾದ ಮೇಲೆ, ತರಬೇತಿ ಕೊಟ್ಟ ಅಧಿಕಾರಿಯೇ ನಮ್ಮ ಮನೆ ನೋಡಲು ಬಂದರು. ಒರಳಿಗೆ ಟಾರ್ಚ್ ಬಿಟ್ಟರು. ಮರಿಗಳು ಮಿಸುಕಾಡುತ್ತಿದ್ದವು. ಹೋದ ವರ್ಷದ ಮೊಟ್ಟೆಗಳಾ ಎಂದು ಕೇಳಿದೆ. ಅವರು ಟಾರ್ಚ್ ಆರಿಸಿದರು. “ಇಲ್ಲಿಂದಲೇ ಬಂತು ಅಂತ ಹೇಳಕ್ಕಾಗಲ್ಲಮ್ಮ. ಬಂದಿಲ್ಲ ಅಂತಾನೂ ಹೇಳಕ್ಕಾಗಲ್ಲ,” ಅಂದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅತ್ತೆ ಮನೆಗೆ ಹೆಣವಾಗಿ ಬಂದರು. ಅವರನ್ನು ಒಯ್ದ ಮೇಲೆ ನಾನು ನಾರು ತೆಗೆದುಕೊಂಡು ಒರಳಿನ ಒಳಗನ್ನು ಬೆರಳು ತರಚುವ ತನಕ ಉಜ್ಜಿದೆ. ಯಾರೂ ತಡೆಯಲಿಲ್ಲ. ಸ್ಮಶಾನದಿಂದ ಬಂದ ಗಂಡ, ಪಕ್ಕದ ಮನೆಯವರ ಕೈ ಸೇರಿಸಿಕೊಂಡು, ಅದನ್ನು ಬೋರಲು ಹಾಕಿದರು. ಈಗ ನಮ್ಮದು ಸಾವಾದ ಮನೆ, ಹಾಕಬಹುದು.