ಮೂರನೇ ವಾರದ ನಾಟಕ

ನಾಟಕವನ್ನು ಯಾವಾಗ ನೋಡಬೇಕು ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಹುಣಸೂರಿನಲ್ಲಿ ಕಂಪನಿಯವರ ತಗಡಿನ ಥಿಯೇಟರ್ ಎದ್ದಿತು ಅಂದರೆ ಮೊದಲ ದಿನವೇ ಓಡಬೇಕು ಎನ್ನುವವನು ನಾನು. ಮೊದಲ ದಿನ ಖಳನಾಯಕನ ಮೀಸೆ ಸಡಿಲವಾಗಿರುತ್ತದೆ, ಪರದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಮರೆಯಲ್ಲಿ ನಿಂತು ಮಾತು ಹೇಳಿಕೊಡುವವನ ದನಿ ನಾಯಕಿಯ ದನಿಗಿಂತ ಜೋರಾಗಿರುತ್ತದೆ. ಊರಿಗೆ ಬಂದು ಅಣಕಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೇಷ್ಟರ ದನಿಯಲ್ಲೇ ನನ್ನ ಅಂಕಪಟ್ಟಿ ಓದಿ ಕೇರಿಯನ್ನೆಲ್ಲ ನಗಿಸಿದ ಪ್ರತಿಭೆ ನನ್ನದು.

ಅಪ್ಪನದು ಮೂರನೇ ವಾರದ ಪಕ್ಷ. "ಮೊದಲ್ನೇ ವಾರ ಅವ್ರಿಗೆ ಮಾತು ಬಂದಿರಾಕಿಲ್ಲ. ಕೊನೇ ವಾರ ಅವ್ರ ಮನ್ಸು ಇಲ್ಲಿರಾಕಿಲ್ಲ, ಮುಂದಿನ್ ಊರ್‌ಗೆ ಓಗ್ಬುಟ್ಟಿರ್ತದೆ. ಮೂರ್ನೇ ವಾರ ಹದ ಕಣ್ಲಾ" ಎನ್ನುತ್ತಿದ್ದ.

ಹದದ ವಿಷಯದಲ್ಲಿ ಅಪ್ಪನ ಮಾತಿಗೆ ಎದುರಿರಲಿಲ್ಲ. ಹನಗೋಡಿನ ಕಡೆಯ ನಮ್ಮೂರಲ್ಲಿ ಎಲ್ಲರದೂ ಹೊಗೆಸೊಪ್ಪು. ಹರಾಜಿಗೆ ಹಾಕುವ ಮುಂಚೆ ಸುತ್ತಲಿನ ಊರಿನವರು ಬ್ಯಾರನ್ನಿನಲ್ಲಿ, ಅಂದರೆ ಸೌದೆಯ ಕಾವು ಕೊಡುವ ಗೂಡುಮನೆಯಲ್ಲಿ, ಬೇಯಿಸಿದ ಸೊಪ್ಪನ್ನು ತಂದು ಅಪ್ಪನ ಮುಂದೆ ಹಿಡಿಯುತ್ತಿದ್ದರು. ಅಪ್ಪ ಎಲೆಯನ್ನು ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಮೂಸಿ, ವರ್ಷಗಟ್ಟಲೆ ಬ್ಯಾರನ್ನಿನ ಹೊಗೆ ಕುಡಿದ ಎದೆಯಿಂದ ಎರಡು ಸಲ ಕೆಮ್ಮಿ, ತೀರ್ಪು ಕೊಡುತ್ತಿದ್ದ: "ಬಣ್ಣ ಅದೆ, ಜೀವ ಇಲ್ಲ." ಆ ಎಲೆ ಬೇರೆ ಗುಡ್ಡೆಗೆ ಹೋಗುತ್ತಿತ್ತು. ಓದು ಬರೆಹ ಬಾರದ ಅಪ್ಪನಿಗೆ ಊರಲ್ಲಿದ್ದ ಮರ್ಯಾದೆಯೆಲ್ಲ ಆ ಮೂಗಿನಲ್ಲಿತ್ತು.

ಆ ವರ್ಷ ಬಂದ ಕಂಪನಿಯ ನಾಟಕವನ್ನು ನಾನು ಎಂದಿನಂತೆ ಮೊದಲ ದಿನವೇ ನೋಡಿದೆ. ಮಾರನೆಯ ದಿನ ಥಿಯೇಟರಿನ ಪಕ್ಕದ ಟೀ ಅಂಗಡಿಯಲ್ಲಿ ಕಾಲೇಜಿನ ಗೆಳೆಯರ ಮುಂದೆ ಖಳನಾಯಕನನ್ನು, ಅವನ ಮೀಸೆಯನ್ನು ಅಣಕಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಆ ಕಂಪನಿಯ ಹಾಸ್ಯನಟ ಎದ್ದು ಬಂದರು. ಉತ್ತರ ಕರ್ನಾಟಕದ ಕಡೆಯವರು.

"ತಮ್ಮಾ, ಚಂದ ಮಾಡ್ತಿ. ನಿಮ್ಮೂರಾಗಿನ ಒಬ್ಬರನ್ನ ಮಾಡಿ ತೋರ್ಸು ನೋಡೂಣು."

ಹೋದ ಹೋದ ಊರಲ್ಲೆಲ್ಲ ಒಬ್ಬನನ್ನಾದರೂ ಮೊದಲ ವಾರದಲ್ಲೇ ಹೆಕ್ಕಿ ತಮ್ಮ ಪಾತ್ರಕ್ಕೆ ಸೇರಿಸಿಕೊಳ್ಳುವುದು ಅವರ ಪದ್ಧತಿಯಂತೆ. ಕೆ.ಆರ್. ನಗರದಲ್ಲಿ ಭತ್ತದ ವ್ಯಾಪಾರಿಯೊಬ್ಬ ಸಿಕ್ಕಿದ್ದನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಕ್ಷಣಕ್ಕೆ ತಿಳಿದದ್ದು, ನಿಜವಾದ ನಟರೊಬ್ಬರು ನನ್ನನ್ನು ನೋಡುತ್ತಿದ್ದಾರೆ ಎನ್ನುವುದಷ್ಟೇ. ತಟ್ಟೆಯ ಮೇಲಿದ್ದ ಬಾಳೆಲೆ ಚೂರನ್ನು ಎತ್ತಿ ಅಪ್ಪನನ್ನು ಮಾಡಿದೆ. ಅವರು ಎರಡು ಸಲ ಮಾಡಿಸಿ, ಬೋಂಡ ತಿನ್ನಿಸಿ ಕಳಿಸಿದರು. ಪ್ರಶಸ್ತಿ ಬಂದವನ ಹಾಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಊರಿಗೆ ಬಂದೆ.

ಎರಡನೇ ವಾರ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ಗಾಡಿಯಿಂದ ಬಾಳೆಹಣ್ಣು ಎತ್ತಿ, ಒಂದು ಕಣ್ಣು ಮುಚ್ಚಿ, ಮೂಸಿ, ಎರಡು ಸಲ ಕೆಮ್ಮಿದ. "ಬಣ್ಣ ಅದೆ, ಜೀವ ಇಲ್ಲ" ಎಂದ. ಗಾಡಿಯವನು ಬಿದ್ದು ಬಿದ್ದು ನಕ್ಕ. ನನಗೆ ಮೊದಲು ಹೊಳೆದದ್ದು, ಕೆಮ್ಮು ಇನ್ನೂ ಸ್ವಲ್ಪ ಆಳದಿಂದ ಬರಬೇಕಿತ್ತು ಎಂದು. ಆಮೇಲೆ ಹೊಳೆದದ್ದು, ಅದು ನಾನು ಟೀ ಅಂಗಡಿಯಲ್ಲಿ ಮಾಡಿದ ಅಪ್ಪ ಎಂದು. ವಿಚಾರಿಸಿದೆ. ನಾಟಕದಲ್ಲಿ ಹಾಸ್ಯನಟ ಹೆಣ್ಣಿನ ಸೋದರಮಾವನಾಗಿ ಬಂದು, ಗಂಡಿನ ಕೈಯನ್ನು ಸೊಪ್ಪಿನ ಹಾಗೆ ಎತ್ತಿ ಮೂಸಿ, ಈ ಮಾತು ಹೇಳುತ್ತಾರಂತೆ. ಈಗ ಜನ ಬರುತ್ತಿರುವುದೇ ಅದನ್ನು ನೋಡುವುದಕ್ಕಂತೆ.

ಮನೆಗೆ ಬಂದರೆ ಅಪ್ಪ ದಿನ ಗೊತ್ತು ಮಾಡಿಯಾಗಿತ್ತು. ಶನಿವಾರ ಬ್ಯಾರನ್ ಖಾಲಿಯಾಗುತ್ತದೆ, ಸೋಮವಾರ ಮತ್ತೆ ತುಂಬಬೇಕು. ನಡುವಿನ ಭಾನುವಾರ, ಮೂರನೇ ವಾರದ ಮಧ್ಯಾಹ್ನದ ಆಟ.

"ಬ್ಯಾಡ ಬುಡಪ್ಪ, ಪಿರಿಯಾಪಟ್ಟಣಕ್ಕೆ ಬಂದಾಗ ನೋಡಾನ" ಎಂದೆ. "ಹೀರೋಗೆ ಟೈಫಾಯಿಡ್ ಅಂತೆ" ಎಂದೆ.

ಅವ್ವ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದವಳು ತಲೆ ಎತ್ತಿದಳು. "ಯಾಕ್ಲಾ, ನಾಟ್ಕ ಅಂದ್ರೆ ಊಟ ಬುಟ್ಟು ಓಡೋನು? ಯಾವಳ್ನಾರ ಜೊತೇಲಿ ಕೂರುಸ್ಕೊಂಡು ಸಿಕ್ಕಾಕೊಂಡಿದ್ದೀಯಾ?"

ಹಾಗೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಶುಕ್ರವಾರ ಹಾಸ್ಯನಟರ ಬಳಿ ಹೋಗಿ ಕೈ ಮುಗಿದೆ. "ಅದು ನಮ್ಮಪ್ಪ ಸಾರ್."

ಅವರು ಹಣೆ ಚಚ್ಚಿಕೊಂಡರು. "ಮೊದಲ ಹೇಳಬಾರದೇನೋ ಮಂಗ್ಯಾನಂಥವನ? ಅದನ್ನ ತಗದ್ರ ನನ್ನ ಪಾತ್ರದಾಗ ಏನ್ ಉಳಿತೈತಿ?" ಕೊನೆಗೆ ಮೆತ್ತಗಾದರು. "ಆತು. ರವಿವಾರ ಮೂರರ ಆಟಕ್ಕ ಮೂಸೂದಿಲ್ಲ, ಕೆಮ್ಮೂದಿಲ್ಲ. ನಿಮ್ಮಪ್ಪನ್ನ ಧೈರ್ಯಾಗಿ ಕರ್ಕೊಂಡು ಬಾ."

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕುಳಿತ. ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ನಾನು. ಹಿಂದಿನ ಸಾಲುಗಳಲ್ಲಿ ಪರಿಚಯದ ಮುಖಗಳು ಕಂಡವು, ಅಪ್ಪನಿಗೆ ಸೊಪ್ಪು ತೋರಿಸಲು ಬರುವ ಇಬ್ಬರೂ ಇದ್ದರು. ಅಪ್ಪ ನಾಟಕ ಶುರುವಾದ ಕೂಡಲೇ ನನ್ನ ಕಿವಿಯಲ್ಲಿ "ನೋಡ್ದಾ, ಮಾತು ಎಂಗೆ ಕೂತದೆ" ಎಂದ. ನನಗೆ ಯಾವ ಮಾತೂ ಕೇಳುತ್ತಿರಲಿಲ್ಲ.

ಹೆಣ್ಣು ನೋಡುವ ದೃಶ್ಯ ಬಂತು. ಹಾಸ್ಯನಟರು ಗಂಡಿನ ಕೈ ಎತ್ತಿದರು. ನೋಡಿದರು. ಕೆಳಗೆ ಬಿಟ್ಟು, "ಗಂಡು ಪರವಾಗಿಲ್ಲ" ಎಂದು ಮುಂದಿನ ಮಾತಿಗೆ ಹೋದರು. ನಾನು ಉಸಿರು ಬಿಟ್ಟೆ.

ಹಿಂದಿನಿಂದ ಒಬ್ಬ ಕೂಗಿದ: "ಮೂಸ್ಲಿಲ್ವಲ್ಲ."

ಇನ್ನೊಬ್ಬ: "ನಾಟ್ಕ ಮೊಟಕು ಮಾಡ್ತಾವ್ರೆ ಕಣ್ರಪ್ಪ. ಟಿಕೆಟ್ ಮೊಟಕು ಮಾಡಿದ್ರಾ?"

ಸಿಳ್ಳೆ ಶುರುವಾಯಿತು. ತಗಡಿಗೆ ಬಡಿಯತೊಡಗಿದರು. ಹಾಸ್ಯನಟರು ಎರಡು ಮಾತು ಮುಂದೆ ಹೋಗಲು ನೋಡಿದರು, ಆಗಲಿಲ್ಲ. ಒಮ್ಮೆ ನಮ್ಮ ಸಾಲಿನ ಕಡೆ ನೋಡಿದರು. ಆಮೇಲೆ ಗಂಡಿನ ಕೈಯನ್ನು ಮತ್ತೆ ಎತ್ತಿ, ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿದರು.

ಥಿಯೇಟರ್ ಹಾರಿಹೋಗುವಂತೆ ಜನ ನಕ್ಕರು. ಅವ್ವನೂ ನಕ್ಕಳು, ಅರ್ಧಕ್ಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಮುಂದಿನ ಸಾಲಿನ ಒಬ್ಬ ತಿರುಗಿ ಅಪ್ಪನನ್ನು ನೋಡಿ, ಪಕ್ಕದವನಿಗೆ ಮೊಣಕೈಯಿಂದ ತಿವಿದ. ಅಪ್ಪ ಮಂಡಿಗಳ ಮೇಲೆ ಕೈಯಿಟ್ಟು ನೆಟ್ಟಗೆ ಕುಳಿತಿದ್ದ. ಆಗಲೇ ಅವನಿಗೆ ಕೆಮ್ಮು ಬಂತು. ಬಾಯಿ ಬಿಗಿ ಹಿಡಿದ. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು, ಎದೆ ಒಳಗೊಳಗೇ ಎಗರುತ್ತಿತ್ತು. ಒಂದು ಸಲ ಕೆಮ್ಮಿದರೆ ಸಾಕು, ಅದು ಯಾರ ಅಣಕ ಎಂದು ಗೊತ್ತಿಲ್ಲದವರಿಗೂ ಗೊತ್ತಾಗಿಬಿಡುತ್ತಿತ್ತು. ನಾನು ಅವನ ಬೆನ್ನು ನೀವಲು ಕೈ ಎತ್ತಿ, ಹಾಗೇ ಇಳಿಸಿದೆ.

ಅಪ್ಪ ಕೆಮ್ಮಲಿಲ್ಲ. ಆ ದೃಶ್ಯ ಮುಗಿಯುವವರೆಗೂ, ನಾಟಕ ಮುಗಿಯುವವರೆಗೂ, ಹೊರಗೆ ಬಂದು "ಏನ್ ಯಜಮಾನ್ರೇ, ಎಂಗಿತ್ತು?" ಎಂದು ಹಲ್ಲು ಕಿರಿದವನಿಗೆ "ಚೆನ್ನಾಗ್ ಮಾಡುದ್ರು" ಎಂದು ಉತ್ತರ ಕೊಡುವಾಗಲೂ. ಬಸ್ಸು ಹುಣಸೂರು ದಾಟಿ ಹೊಲಗಳ ನಡುವೆ ಬಂದ ಮೇಲೆ ಕಿಟಕಿಗೆ ಮುಖ ಕೊಟ್ಟು ಕೆಮ್ಮಿದ. ಎರಡು ಸಲವಲ್ಲ. ಬಹಳ ಸಲ.

ಊರಲ್ಲಿ ಇಳಿದಾಗ ಇನ್ನೂ ಸಂಜೆಯ ಮಸುಕು ಬೆಳಕಿತ್ತು. ಅವ್ವ ಹಸು ಕಟ್ಟಬೇಕೆಂದು ಮುಂದೆ ಹೋದಳು. ಅಪ್ಪ ಬ್ಯಾರನ್ನಿನ ಹತ್ತಿರ ನಿಂತ.

"ನಂಗ್ ಮೊದ್ಲು ತೋರುಸ್ಬೇಕಾಗಿತ್ತು ಕಣ್ಲಾ."

ಯಾರು ಹೇಳಿದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟು ಸರಿಯಾಗಿ ತನ್ನನ್ನು ನೋಡಿದವನು ಮನೆಯವನೇ ಎಂದು ಅವನಿಗೆ ಯಾರಾದರೂ ಹೇಳಬೇಕಿತ್ತೆ?

"ಈಗ ಮಾಡು" ಎಂದ.

"ಏನಪ್ಪ?"

"ನನ್ನ."

ಗೋಡೆ ಬದಿಯಲ್ಲಿ ಬಿದ್ದಿದ್ದ ಒಂದು ಎಲೆ ಎತ್ತಿಕೊಂಡೆ. ಬೆಳಕಿಗೆ ಹಿಡಿದೆ. ಒಂದು ಕಣ್ಣು ಮುಚ್ಚಿದೆ, ಮೂಸಿದೆ. ಕೆಮ್ಮು ಬರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದೆ, ಮತ್ತೆ ಅಲ್ಲಿಗೇ ನಿಂತೆ.

"ಬತ್ತದೆ, ನಿಧಾನ್ವಾಗ್ ಮಾಡು" ಎಂದು ಅಪ್ಪ ಕಟ್ಟೆಯ ಮೇಲೆ ಕುಳಿತು ಕಾದ.