ಸೀಮೆಸುಣ್ಣದ ರಾಣಿ

ಪುತ್ತೂರಿಗೆ ಇಂಟರ್ನೆಟ್ ಹೊಸತಾಗಿ ಬಂದಿದ್ದ ಕಾಲ. ಸುಳ್ಯದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಅಲ್ಲಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಮಧ್ಯಯುಗದ ಶಾಸನಗಳಿಗೆಂದೇ ವಿದೇಶದ ವಿದ್ವಾಂಸರೊಬ್ಬರು ಒಂದು ವೆಬ್‌ಸೈಟ್ ಮಾಡಿದ್ದರು. ಒಂದು ಫೋಟೋ ಪೂರ್ತಿ ಮೂಡುವಷ್ಟರಲ್ಲಿ ಹೊರಗೆ ಹೋಗಿ ಚಾ ಕುಡಿದು ಬರಬಹುದಿತ್ತು. ಆದರೂ ಮೈಸೂರಿನ ಗ್ರಂಥಾಲಯದಲ್ಲಿ ಎರಡು ದಿನ ಕಾದರೂ ಸಿಗದ ಶಾಸನ ಇಲ್ಲಿ ಕೂತಲ್ಲೇ ಕಾಣುತ್ತಿತ್ತು. ಆ ಸೈಟಿನಲ್ಲಿ ನಾನು ಓದಿದ ಶಾಸನವೂ ಒಂದಿದೆ ಎಂಬ ಜಂಬ ಬೇರೆ.

ಆಲಂಕಾರಿನ ಹತ್ತಿರ ಒಂದು ಮನೆಯ ದನದ ಹಟ್ಟಿಯ ಪಕ್ಕ ನಿಂತಿದ್ದ ಕಲ್ಲು ಅದು. ಸವೆದ ಅಕ್ಷರ ಫೋಟೋದಲ್ಲಿ ಬೀಳುವುದಿಲ್ಲವೆಂದು ನಾವು ಅದರ ಗೀರಿನೊಳಗೆ ಸೀಮೆಸುಣ್ಣ ತುಂಬುತ್ತೇವೆ. ನಾನೂ ತುಂಬಿದೆ. ಐದನೆಯ ಸಾಲಿಗೆ ಬಂದಾಗ ಏನೂ ಕಾಣಲಿಲ್ಲ. ದಾನ ಕೊಟ್ಟವರ ಹೆಸರು ಅಲ್ಲಿ ಇರಬೇಕಿತ್ತು, ಅದು ರಾಣಿಯ ಹೆಸರೇ ಆಗಬೇಕೆಂದು ನನಗೆ ಆಸೆ. ಕೈ ತಾನಾಗಿ ಆ ಹೆಸರು ಬರೆಯಿತು. ತಾನಾಗಿ ಎನ್ನುವುದು ಸುಳ್ಳು, ನಾನೇ ಬರೆದೆ. ಫೋಟೋ ಸೈಟಿಗೇರಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ವಿದ್ವಾಂಸರಲ್ಲೂ ಇದ್ದಾರೆ. ಇಬ್ಬರು ತಮ್ಮ ಲೇಖನಗಳಲ್ಲಿ ಆ ರಾಣಿಯನ್ನು ಎತ್ತಿ ಹೇಳಿದರು. ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿ ಅವಳ ಮೇಲೆಯೇ ನಿಂತಿತು.

ಪ್ರಬಂಧ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಸೈಟಿನ ಇಮೇಲ್ ಬಳಗದಲ್ಲಿ ವಿದೇಶದ ಯಾರೋ ಹಿರಿಯರು ಒಂದೇ ಸಾಲು ಕೇಳಿದ್ದರು: ಈ ಕಲ್ಲನ್ನು ಸೀಮೆಸುಣ್ಣ ಇಲ್ಲದೆ ಯಾರಾದರೂ ನೋಡಿದ್ದೀರಾ?

ನನ್ನ ಹೆಸರೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನು, ಅಂಗಿ ಬೆನ್ನಿಗೆ ಅಂಟಿತು. ಸೆಂಟರಿನವನು ಹಿಂದೆ ನಿಂತು ಓದುತ್ತಿದ್ದಾನೇನೋ ಎಂದು ಆ ಪುಟವನ್ನು ಬೇಗ ಮುಚ್ಚಿದೆ. ಆ ಮುದುಕ ವಿಮಾನ ಹತ್ತಿ ಆಲಂಕಾರಿಗೆ ಬರುವುದುಂಟೇ, ಸುಮ್ಮನಿದ್ದರಾಯಿತು ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಪಾಠದ ನಡುವೆ ಕೈಯಲ್ಲಿದ್ದ ಸೀಮೆಸುಣ್ಣ ಕಂಡರೂ ಸಿಟ್ಟು ಬರುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಆ ಮನೆಗೆ ಹೋದೆ. ನಾನು ಬರೆದದ್ದು ಎರಡು ಮಳೆಗಾಲಕ್ಕೆ ತೊಳೆದುಹೋಗಿತ್ತು. ಮನೆಯ ಯಜಮಾನ್ತಿಯ ಹತ್ತಿರ ಕನ್ನಡಿ ಕೇಳಿ, ಕಲ್ಲಿನ ಮೇಲೆ ಬಿಸಿಲನ್ನು ಓರೆಯಾಗಿ ಬಿಟ್ಟೆ. ನಾಲ್ಕನೆಯ ಸಾಲು ಎದ್ದು ಕಂಡಿತು, ಆರನೆಯದೂ ಕಂಡಿತು. ನಡುವೆ ಬರೀ ಕಲ್ಲು. ಮೂರು ಸಲ ನೋಡಿದೆ.

“ಎಂತ ಉಂಟು ಮಾಷ್ಟ್ರೇ ಅದರಲ್ಲಿ?” ಎಂದು ಆಕೆ ಕೇಳಿದರು.

“ಎಂತದೂ ಇಲ್ಲ ಅಕ್ಕ. ಆ ಹೆಸರು ನಾನೇ ಬರೆದದ್ದು.”

“ಅದು ನನಗೆ ಗೊತ್ತುಂಟು. ನೀವು ಬರೆಯುವಾಗ ನಾನು ಇಲ್ಲೇ ಇದ್ದೆ ಅಲ್ವಾ? ದಿನಾ ಹಟ್ಟಿಗೆ ಬರುವವಳು ನಾನು, ಅಲ್ಲಿ ಒಂದು ಗೀರೂ ಕಂಡದ್ದಿಲ್ಲ. ಮತ್ತೆ, ನೀವು ಓದಿದವರು, ನಮಗೆ ಕಾಣದ್ದು ನಿಮಗೆ ಕಾಣುದಿರಬೇಕು ಅಂತ ಸುಮ್ಮನಾದೆ.”

ಅವರು ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಕನ್ನಡಿ ಹಿಂದೆ ಕೊಡುವುದೂ ಕಷ್ಟವಾಯಿತು.

ಅಲ್ಲಿಂದ ನೇರ ಪುತ್ತೂರಿಗೆ ಹೋಗಿ, ಸೈಬರ್ ಸೆಂಟರಿನಲ್ಲಿ ಕೂತು ಬಳಗಕ್ಕೆ ಉತ್ತರ ಬರೆಯತೊಡಗಿದೆ. ಎರಡು ಸಲ ಲೈನ್ ಕಟ್ಟಾಗಿ ಬರೆದದ್ದೆಲ್ಲ ಹೋಯಿತು. ಎರಡನೆಯ ಸಲ, ದೇವರಿಗೂ ಇದು ಬೇಡವೇನೋ ಎಂದು ಎದ್ದು ಹೊರಟಿದ್ದೆ. ಬಾಗಿಲಿನವರೆಗೆ ಹೋಗಿ ತಿರುಗಿ ಬಂದು ಕೂತೆ. ಈ ಇಮೇಲ್ ಬಳಗಕ್ಕೆ ತಲುಪಿದರೆ ಅಧ್ಯಾಯ ಹೋಯಿತು, ಆ ವರ್ಷದ ಪ್ರಬಂಧವೂ ಹೋಯಿತು. ಮೂರನೆಯ ಸಲ ಮೊದಲಿನ ಎರಡು ಸಲ ಬರೆದಿದ್ದ ನೆಪಗಳನ್ನೆಲ್ಲ ಬಿಟ್ಟು, ಇಷ್ಟೇ ಬರೆದು ಕಳುಹಿಸಿದೆ: ಐದನೆಯ ಸಾಲು ನನ್ನ ಕೈಬರಹ. ಸೀಮೆಸುಣ್ಣ ಇಲ್ಲದ ಆ ಕಲ್ಲನ್ನು ಆ ಮನೆಯ ಹೆಂಗಸು ದಿನವೂ ನೋಡುತ್ತಾರೆ. ಅಲ್ಲಿ ಏನೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ನಾನು ಅವರನ್ನು ಕೇಳಿರಲಿಲ್ಲ.