ಚಕ್ರದ ಕೆಳಗಿನ ಬೆಳಕು

ಸೀಮೆಎಣ್ಣೆಯ ವಾಸನೆಯೂ ಮಲ್ಲಿಗೆಯ ವಾಸನೆಯೂ ಒಂದೇ ಉಸಿರಿನಲ್ಲಿ ಬಂದರೆ ನನಗೆ ಈಗಲೂ ನೆಲಕ್ಕೆ ಕೆನ್ನೆ ಆನಿಸಿ ಮಲಗಬೇಕು ಅನ್ನಿಸುತ್ತದೆ. ಮೊನ್ನೆ ಹಗರಿಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಹೀಗೇ ಆಯಿತು. ಅಪ್ಪನ ಹಳೆಯ ಮೋಟಾರ್‌ಸೈಕಲ್ ಗಾಡಿಯ ಚೈನು ತೊಳೆಯೋಣವೆಂದು, ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತುಹೋಗುವ ಮೊದಲು ಎತ್ತಿಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದೆ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಒಂದು ಮೊಳ ಮಲ್ಲಿಗೆ ಚಾಚಿದರು. ಎರಡೂ ಕೂಡಿದವು. ಕೈಯಲ್ಲಿ ಡಬ್ಬಿ ಹಿಡಿದವಳು ಹಾಗೇ ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ, ಅದನ್ನು ಪೂರ್ತಿ ನಂಬಬೇಡಿ. ಅದು ನಿಮ್ಮನ್ನು ಮನೆಯ ಕಟ್ಟೆಯವರೆಗೆ ಕರೆದುಕೊಂಡು ಹೋಗುತ್ತದೆ, ಅಷ್ಟೆ. ಒಳಗೆ ಯಾರಿದ್ದರು, ಏನಂದರು ಎಂಬುದನ್ನು ನಾವೇ ತುಂಬಿಕೊಳ್ಳುತ್ತೇವೆ. ಆಮೇಲೆ ಅದನ್ನೇ ನೆನಪು ಎನ್ನುತ್ತೇವೆ. ಆದ್ದರಿಂದ ಇಲ್ಲಿ ನನಗೆ ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ನಮ್ಮ ಮನೆ ಹೂವಿನಹಡಗಲಿಯ ಹೊರಗೆ, ಮಲ್ಲಿಗೆ ತೋಟದ ಅಂಚಿನಲ್ಲಿತ್ತು. ಇದರಲ್ಲಿ ಅನುಮಾನವಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತು ಗಂಗತ್ತೆ. ಗಂಗತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅರಸೀಕೆರೆಯಿಂದ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಬಿಸಿಲು ಏರುವ ಮೊದಲು ಮೂವರೂ ಮೊಗ್ಗು ಬಿಡಿಸುತ್ತಿದ್ದರು. ಬಿಡಿಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಚೀಲದ ಮೇಲೆ ಇನ್ನೊಂದು ಕೊಡ ನೀರು ಸುರಿದು ಗಾಡಿಯ ಹಿಂದಿನ ಸೀಟಿಗೆ ಬಿಗಿದರೆ ಅಪ್ಪ ಹೊರಟ. ದಿನಾ ಹಡಗಲಿಯ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ದಾವಣಗೆರೆ ಬಸ್ಸಿನ ಟಾಪಿಗೆ. ಸೋಮವಾರ ಮಾತ್ರ ತಾನೇ ಕೊಟ್ಟೂರಿಗೆ ಹೋಗಿ ಹೂವು ಕೊಟ್ಟು, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಆ ಚೀಲ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು, ತೊಟ್ಟಿಕ್ಕಿದ್ದೆಲ್ಲ ಚೈನಿನ ಮೇಲೆ. ವಾರ ಕಳೆಯುವುದರೊಳಗೆ ಚೈನು ಕುಂಕುಮ ಹಚ್ಚಿದ ಹಾಗೆ ಕೆಂಪಾಗುತ್ತಿತ್ತು. ಊರಿನ ಉಳಿದ ಗಾಡಿಗಳಿಗಿಲ್ಲದ ಈ ರೋಗ ನಮ್ಮ ಗಾಡಿಗಿತ್ತು. ಅದಕ್ಕೆ ವಾರಕ್ಕೊಮ್ಮೆ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಚೈನನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಒರೆಸಿ, ಎಣ್ಣೆ ಬಿಡಲೇಬೇಕಿತ್ತು.

ಎತ್ತುವುದು ಅಪ್ಪನ ಕೆಲಸ. ಕೆಲಸ ಎನ್ನುವುದಕ್ಕಿಂತ ಅದು ಅವನ ಆಟ. ಬಲಗಾಲನ್ನು ಡಬಲ್ ಸ್ಟ್ಯಾಂಡಿನ ಮೇಲೆ ಊರಿ, ಹಿಂದಿನ ಹಿಡಿಯನ್ನು ಹಿಡಿದು, ಉಸಿರು ಕಟ್ಟಿ ಒಮ್ಮೆ ಜಗ್ಗಿದನೆಂದರೆ ಗಾಡಿ ಠಪ್ಪೆಂದು ಹಿಂದಕ್ಕೆ ಏರಿ ನಿಲ್ಲುತ್ತಿತ್ತು. ಹಿಂದಿನ ಚಕ್ರ ಗಾಳಿಯಲ್ಲಿ ತಾನಾಗಿ ಸ್ವಲ್ಪ ತಿರುಗಿ ಸುಮ್ಮನಾಗುತ್ತಿತ್ತು. ಆಮೇಲೆ ಅಪ್ಪ ಒಮ್ಮೆ ಸುತ್ತಲೂ ನೋಡುತ್ತಿದ್ದ. ಗಂಗತ್ತೆ ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತ ಕಟ್ಟೆಯ ಮೇಲೆ ಕೂತವಳು ತಲೆಯೆತ್ತದೆ, "ರಸ್ತ್ಯಾಗ ಯಾರೂ ಇಲ್ಲ, ಯಾರಿಗೆ ತೋರಸ್ತೀಯಲೇ ಕೊಟ್ರಾ?" ಎನ್ನುತ್ತಿದ್ದಳು. ಕೊಟ್ರಪ್ಪನೆಂಬ ಹೆಸರಿನ ಅಪ್ಪ ನಗುತ್ತಿದ್ದ. ಆ ನಗು ನನಗೆ ಚೆನ್ನಾಗಿ ನೆನಪಿದೆ, ಅಥವಾ ಗೋಡೆಯ ಮೇಲಿನ ಫೋಟೊದಲ್ಲಿರುವ ನಗುವನ್ನೇ ತಂದು ಅಲ್ಲಿ ಅಂಟಿಸಿದ್ದೇನೆ.

ಒಂದು ಮಳೆಗಾಲ ಅಪ್ಪನಿಗೆ ಕರುಳು ಇಳಿಯಿತು, ಡಾಕ್ಟರು ಹರ್ನಿಯಾ ಅಂದರು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಇನ್ನು ಭಾರ ಎತ್ತುವಂತಿಲ್ಲ, ಹೊಲಿಗೆ ಬಿಟ್ಟುಕೊಂಡರೆ ಮತ್ತೆ ಹೊಟ್ಟೆ ಕೊಯ್ಯಬೇಕಾದೀತು, ಆಗ ಇಷ್ಟು ಸುಲಭವಿರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಪ್ಪ ಹೂಂಗುಟ್ಟಿ ಬಂದ. ಹೂಂಗುಟ್ಟಿದ್ದನ್ನು ಯಾರೂ ನಂಬಲಿಲ್ಲ. ತಿಂಗಳುಗಳು ಕಳೆದು ಗಾಡಿ ಹತ್ತಲು ಅಪ್ಪಣೆ ಸಿಕ್ಕ ದಿನ ಅವನು ಮೊದಲು ಹೋದದ್ದೇ ಚೈನು ನೋಡಲಿಕ್ಕೆ. ಹಿಂದಿನ ಹಿಡಿ ಹಿಡಿದ. ಅವನ ಕಾಲು ಗಾಡಿಯ ಕೆಳಗೆ ಸ್ಟ್ಯಾಂಡನ್ನು ಹುಡುಕಿತು, ಸಿಗಲಿಲ್ಲ. ಕತ್ತಲಲ್ಲಿ ಚಪ್ಪಲಿ ತಡಕುವ ಹಾಗೆ ಮತ್ತೆ ತಡಕಿತು.

"ಅಕ್ಕಾ, ಡಬಲ್ ಸ್ಟ್ಯಾಂಡ್ ಎಲ್ಲೈತಿ?"

"ನನ್ನ ಉಡಿಯಾಗ ಐತೇನು? ಹಲವಾಗಲ ರಸ್ತ್ಯಾಗ ಬಿದ್ದಿರಬೇಕು. ಆ ತಗ್ಗಿನ್ಯಾಗ ನಿನ್ನ ಕರುಳ ಇಳಿದು ಬಂತು, ಸ್ಟ್ಯಾಂಡ್ ಏನು ದೊಡ್ಡದು?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. "ನಾಳೆ ಹೊಸಾದು ಹಾಕಸ್ತೀನಿ" ಎಂದ ಅಪ್ಪ. ಆದರೆ ಚೈನು ನಾಳೆಯವರೆಗೆ ಕಾಯುವಂತಿರಲಿಲ್ಲ. ಅತ್ತೆ ಹೂವಿನ ಬುಟ್ಟಿ ಸರಿಸಿ ಎದ್ದಳು. "ನೀ ಸರಿ. ನಾವು ಎತ್ತತೀವಿ."

"ನೀವೇನ್ ಎತ್ತತೀರಿ, ಅದೇನು ಜ್ವಾಳದ ಚೀಲ ಅನ್ಕೊಂಡೀರೇನು?"

"ಭಾರಾನ ಎತ್ತಬಾರದಲೇ. ವಾಲಿಸಬೇಕು. ಕೂಸಿನ್ನ ಸೊಂಟಕ್ಕ ವಾಲಿಸ್ಕೊಂಡಂಗ."

ಆಕೆ ಮಾಡಿದ್ದನ್ನು ನಾನು ಈಗಲೂ ಹಾಗೇ ಮಾಡುತ್ತೇನೆ, ಆದ್ದರಿಂದ ಇದು ಕೈಯ ನೆನಪು. ತಲೆಯ ನೆನಪಿಗಿಂತ ಗಟ್ಟಿ. ಗಾಡಿಯನ್ನು ಅಂಗಳದ ಕಲ್ಲುಚಪ್ಪಡಿಯ ಮೇಲೆ ತಂದು, ಸೈಡ್ ಸ್ಟ್ಯಾಂಡ್ ಮಣ್ಣಿಗೆ ಇಳಿಯದ ಹಾಗೆ ನಿಲ್ಲಿಸಿದಳು. ಮುಂದಿನ ಬ್ರೇಕನ್ನು ಒತ್ತಿ, ಆ ಹಿಡಿಯನ್ನು ಹ್ಯಾಂಡಲಿಗೆ ಸೇರಿಸಿ ಹೂ ಕಟ್ಟುವ ಒದ್ದೆ ಬಾಳೆನಾರಿನಿಂದ ಸುತ್ತಿ ಬಿಗಿದಳು. ಮುಂದಿನ ಚಕ್ರ ಅಲ್ಲೇ ಕಚ್ಚಿ ನಿಂತಿತು. ಆಮೇಲೆ ಸೈಡ್ ಸ್ಟ್ಯಾಂಡಿನ ಮಗ್ಗುಲಿಗೆ ನಿಂತು, ಹಿಂದಿನ ಹಿಡಿಯನ್ನು ಹಿಡಿದು ಗಾಡಿಯನ್ನು ಮೆಲ್ಲಗೆ ತನ್ನ ಸೊಂಟದ ಕಡೆಗೆ ವಾಲಿಸಿಕೊಂಡಳು. ಇಡೀ ಭಾರ ಸೈಡ್ ಸ್ಟ್ಯಾಂಡಿನ ಮೇಲೆ ಕೂತು, ಹಿಂದಿನ ಚಕ್ರ ತಾನಾಗಿ ನೆಲ ಬಿಟ್ಟಿತು. ಆಚೆ ಮಗ್ಗುಲಲ್ಲಿ ಅವ್ವ, ದಾಳಿಂಬೆ ಕೊಂಬೆಗೆ ಆಸರೆ ಕೊಡುತ್ತಿದ್ದ ಜಾಲಿಯ ಕವೆಗೋಲೊಂದನ್ನು ಚಕ್ರದ ಪಕ್ಕದ ಕಬ್ಬಿಣದ ತೋಳಿಗೆ ಕೊಟ್ಟಳು. ಅತ್ತೆ ಕೈ ಸಡಿಲಿಸಿದರೆ ಗಾಡಿ ಸೈಡ್ ಸ್ಟ್ಯಾಂಡು, ಮುಂದಿನ ಚಕ್ರ, ಕವೆಗೋಲು ಇವುಗಳ ಮೇಲೆ ಮುಕ್ಕಾಲಿ ಪೀಠದ ಹಾಗೆ ಅಲುಗದೆ ನಿಂತಿತು.

ನನಗೂ ಒಂದು ಕೆಲಸವಿತ್ತು. ಒಂದು ಮಾರು ದೂರದಲ್ಲಿ ನೆಲಕ್ಕೆ ಕೆನ್ನೆ ಆನಿಸಿ ಮಲಗಿ, ಚಕ್ರದ ಕೆಳಗೆ ನೋಡುವುದು. ಚಕ್ರಕ್ಕೂ ಚಪ್ಪಡಿಗೂ ನಡುವೆ ಮೊದಲು ಏನೂ ಇರುವುದಿಲ್ಲ, ಕಪ್ಪು ಮಾತ್ರ. ಆಮೇಲೆ ಒಂದು ಎಳೆಯಷ್ಟು ಬೆಳಗಿನ ಬಿಸಿಲು ಆ ಕಡೆಯಿಂದ ಈ ಕಡೆಗೆ ತೂರುತ್ತದೆ. ಆಗ ನಾನು "ಬೆಳಕು ಬಂತು!" ಎಂದು ಕೂಗಬೇಕು, ಅವ್ವ ಕೋಲು ಕೊಡಬೇಕು. ಅಪ್ಪ? ಅಪ್ಪ ಸೀಟಿನ ಮೇಲೆ ಒಂದು ಅಂಗೈ ಇಟ್ಟುಕೊಂಡು, "ಹೂಂ, ಎತ್ರಿ!" ಎನ್ನುತ್ತಿದ್ದ. ನಾನು ಕೂಗಿದ ಮೇಲೆ ಹಣೆ ಒರೆಸಿಕೊಳ್ಳುತ್ತಿದ್ದ. ಗಾಡಿಯನ್ನು ಅವನೇ ಎತ್ತಿದ ಹಾಗೆ. ಹೀಗೆ ವಾರಗಳು ಹೋದವು. ಎಂಜಿನ್ ಚಾಲು ಮಾಡಿ ಚೈನು ಒರೆಸಿದರೆ ಸಲೀಸು ಎಂದು ಅಪ್ಪ ಒಮ್ಮೆ ಅಂದದ್ದಕ್ಕೆ ಅತ್ತೆ ತನ್ನ ಹತ್ತೂ ಬೆರಳು ಚಾಚಿ ತೋರಿಸಿ, "ಇವು ಹೂ ಕಟ್ಟಾಕ ಬೇಕಪ್ಪ" ಎಂದಿದ್ದಳು. ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಿದ್ದರು.

ಅದು ಬೇಸಿಗೆ. ಅವತ್ತು ಚೈನಿನ ಒಂದು ಕೊಂಡಿ ತುಕ್ಕು ಹಿಡಿದು ಮಡಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ತಿಕ್ಕಿ, ಮತ್ತೆ ಬಿಟ್ಟು, ಕೆಲಸ ಎಳೆಯಿತು. ಬಿಸಿಲು ಏರಿ ಅಂಗಳವೆಲ್ಲ ಕಾಯತೊಡಗಿತು. ಹೂ ಕಟ್ಟುವವರಿಗೆಲ್ಲ ಗೊತ್ತಿರುವ ಸಂಗತಿ ಆ ಮನೆಯಲ್ಲಿ ಅವತ್ತು ಯಾರ ತಲೆಗೂ ಹೊಳೆಯಲಿಲ್ಲ: ಬಾಳೆನಾರು ಒದ್ದೆಯಿದ್ದರೆ ಹಗ್ಗ, ಒಣಗಿದರೆ ಕಸ. ನಾರು ಚಿಟ್ಟೆಂದು ಹರಿಯಿತು. ಬ್ರೇಕು ಬಿಟ್ಟುಕೊಂಡು ಮುಂದಿನ ಚಕ್ರ ಉರುಳಿತು, ಕವೆಗೋಲು ಜಾರಿತು, ಸೈಡ್ ಸ್ಟ್ಯಾಂಡ್ ಹಿಂದಕ್ಕೆ ಮಡಚಿತು, ಇಡೀ ಗಾಡಿ ಮಗ್ಗುಲಿಗೆ ವಾಲಿತು. ಬೀಳಲಿಲ್ಲ. ಅಪ್ಪ ಹಿಡಿದಿದ್ದ. ಎರಡೂ ಕೈಯಲ್ಲಿ, ಮೊಣಕಾಲು ಬಾಗಿಸಿ, ಕತ್ತಿನ ನರ ಉಬ್ಬಿಸಿ.

"ಬಿಡಲೇ ಕೊಟ್ರಾ! ಬೀಳಲಿ, ಬಿಡು!" ಅತ್ತೆ ಚೀರಿದಳು.

"ಕೆಳಗ ಹುಡುಗಿ ಅದಾಳ!"

ಅಪ್ಪ ಹಾಗೆ ಅಂದದ್ದು ನನ್ನ ಕಿವಿಯಲ್ಲಿದೆ. ಆದರೆ ನೀನು ಆ ಹೊತ್ತಿನಲ್ಲಿ ಅಲ್ಲಿರಲೇ ಇಲ್ಲ, ಒಳಗೆ ನೀರು ಕುಡಿಯುತ್ತಿದ್ದೆ ಎಂದು ಅವ್ವ ಕೊನೆಯವರೆಗೂ ಹೇಳಿದಳು. ಹಾಗಿದ್ದರೆ ಆ ಮಾತನ್ನು ನಾನು ಎಲ್ಲಿಂದ ಕೇಳಿಸಿಕೊಂಡೆ? ಅಪ್ಪ ನನಗಾಗಿ ಹಿಡಿದನೋ, ಬರಿಯ ಗಾಡಿಗಾಗಿ ಹಿಡಿದನೋ? ಗೊತ್ತಿಲ್ಲ. ಗೊತ್ತಿರುವುದು ಆಮೇಲಿನದು. ಇಬ್ಬರೂ ಹೆಂಗಸರು ಕೈ ಹಾಕಿ ಗಾಡಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದರು. ಪೆಟ್ರೋಲು ಸೋರಿ ಚಪ್ಪಡಿಯ ಮೇಲೆ ಹರಿಯಿತು. ಅಪ್ಪ ಕಟ್ಟೆಯ ಮೇಲೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ.

"ಅಂಗಿ ಎತ್ತು," ಎಂದಳು ಅತ್ತೆ.

"ಏನಾಗಿಲ್ಲಕ್ಕ."

"ಎತ್ತಲೇ!"

ಎತ್ತಿದ. ಹೊಲಿಗೆಯ ಗೆರೆ ಇದ್ದ ಹಾಗೇ ಇತ್ತು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಬುಟ್ಟಿಯ ಮುಂದೆ ಹೋಗಿ ಕೂತಳು. ಅವತ್ತು ಆಕೆ ಕಟ್ಟಿದ ಮಾಲೆ ಎತ್ತಿದರೆ ಮೊಗ್ಗು ಉದುರುತ್ತಿದ್ದವು. ಅವ್ವ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು.

ಮುಂದಿನ ವಾರ ಗಾಡಿ ಎತ್ತುವ ಹೊತ್ತಿಗೆ ಅಪ್ಪ ಸೀಟಿನ ಮೇಲೆ ಕೈಯಿಡಲಿಲ್ಲ. ಒಳಗಿನಿಂದ ಒಂದು ಚೊಂಬು ನೀರು ತಂದು ಹ್ಯಾಂಡಲಿನ ಹತ್ತಿರ ನಿಂತ. ನಾರಿನ ಗಂಟಿನ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತ, ಕೆಲಸ ಮುಗಿಯುವವರೆಗೂ ನಿಂತೇ ಇದ್ದ. ಒಬ್ಬನೇ ಗಾಡಿ ಎತ್ತಿ ನಿಲ್ಲಿಸುತ್ತಿದ್ದವನು ಗಿಡಕ್ಕೆ ನೀರು ಹಾಕುವವನ ಹಾಗೆ ಅದರ ಮುಂದೆ ನಿಂತಿದ್ದ. ಹಗ್ಗ ತರೋಣವೆಂದು ಯಾರಿಗೂ ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಹಗ್ಗ ಗಾಡಿಯ ಮೇಲೆಯೇ ಇತ್ತು, ಚೀಲ ಕಟ್ಟುತ್ತಿದ್ದ ಹಗ್ಗ. ಆದರೆ ಹಗ್ಗ ಕಟ್ಟಿದರೆ ಚೊಂಬು ಹಿಡಿಯುವವರು ಬೇಕಾಗುವುದಿಲ್ಲ.

ಅಪ್ಪ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಜ್ವರದಿಂದ. ಅದಕ್ಕೂ ಗಾಡಿಗೂ ಸಂಬಂಧವಿಲ್ಲ. ಆಮೇಲೆ ತೋಟ ಮಾರಾಟವಾಯಿತು. ಈಗ ಅಲ್ಲಿ ಸೈಟಿನ ಕಲ್ಲುಗಳಿವೆ. ನಮ್ಮ ಅಂಗಳದ ಚಪ್ಪಡಿ ಯಾರ ಮನೆಯ ಮೆಟ್ಟಿಲಾಯಿತೋ. ಗಂಗತ್ತೆ ಕೊನೆಯ ಕಾಲದಲ್ಲಿ ನನ್ನ ಜೊತೆಗಿದ್ದಳು. ಬೆರಳು ಸೊಟ್ಟಗಾಗಿ ಹೂ ಕಟ್ಟಲು ಬರುತ್ತಿರಲಿಲ್ಲ, ಮಾತು ಕಟ್ಟುತ್ತಿದ್ದಳು. ಒಂದು ಸಂಜೆ ಕೇಳದಿದ್ದರೂ ಹೇಳಿದಳು.

"ಆ ಸ್ಟ್ಯಾಂಡ್ ರಸ್ತ್ಯಾಗ ಬಿದ್ದಿರಲಿಲ್ಲಬೇ. ನಿಮ್ಮಪ್ಪ ದವಾಖಾನ್ಯಾಗ ಇದ್ದಾಗ ನಾನ ಬಿಚ್ಚಿಸಿ, ಬಾವಿ ಕಡೆ ಸಾಲಿನ್ಯಾಗ ಒಂದು ಮಲ್ಲಿಗಿ ಗಿಡದ ಬುಡಕ್ಕ ಹುಗದಿದ್ದೆ."

"ಅಪ್ಪಗ ಗೊತ್ತಾಗಲಿಲ್ಲೇನು?"

ಅತ್ತೆ ನಕ್ಕಳು. "ವರ್ಷಾ ವರ್ಷಾ ಪಾತಿ ಮಾಡಾವ ಯಾರು? ಅವನ. ಗುದ್ದಲಿಗೆ ಕಬ್ಬಿಣ ತಾಗಿದ್ರ ಗೊತ್ತಾಗಂಗಿಲ್ಲೇನು? ಅದೊಂದು ಗಿಡದ ಪಾತಿ ಸೊಟ್ಟ ಮಾಡತಿದ್ದ, ನೋಡಿಲ್ಲೇನು ನೀನು? ಅಷ್ಟು ಜಾಗ ಬಿಟ್ಟು ಅಗೀತಿದ್ದ."

ಅವ್ವನನ್ನು ಕೇಳಿದರೆ, "ಅಕ್ಕಾರದು ಬರೇ ಕಥಿ. ಸ್ಟ್ಯಾಂಡ್ ಖರೇನ ಮುರಿದಿತ್ತು, ಗುಜರಿಗೆ ಹಾಕಿದ್ವಿ" ಎಂದಳು. ಇಬ್ಬರೂ ಈಗಿಲ್ಲ. ಅತ್ತೆಯ ಕಥೆ ತೀರ ನೇರವಾಗಿದೆ, ಗಂಟು ತೀರ ಬಿಗಿಯಾಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಆದರೂ ಆ ಸಂಜೆಯಿಂದ ಬಾವಿಯ ಕಡೆಯ ಸಾಲಿನಲ್ಲಿ ಒಂದು ಪಾತಿ ನನಗೆ ಕಾಣಿಸುತ್ತದೆ: ಮೂರು ಕಡೆ ದುಂಡಗೆ, ಒಂದು ಕಡೆ ಸೊಟ್ಟ. ಅದರ ಸುತ್ತ ನೀರು ತಿರುಗಿ ಹೋಗುವುದು ಕಾಣಿಸುತ್ತದೆ. ಅದನ್ನು ನಾನು ಬಾಲ್ಯದಲ್ಲಿ ನೋಡಿದ್ದೆನೋ, ಅತ್ತೆ ಹೇಳಿದ ಮೇಲೆ ಅಗೆದುಕೊಂಡೆನೋ, ಹೇಳಲಾರೆ. ಹೊಸ ಸ್ಟ್ಯಾಂಡ್ ಹಡಗಲಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ದಿನಾ ಹಡಗಲಿಗೆ ಹೋಗುತ್ತಿದ್ದವನು ತರಲಿಲ್ಲ. ಇದೊಂದು ಮಾತ್ರ ಯಾರ ಕಥೆಯೂ ಅಲ್ಲ.

ಮೊನ್ನೆ ಅಂಗಳದಲ್ಲಿ ಒಬ್ಬಳೇ ಇದ್ದೆ. ಸೈಡ್ ಸ್ಟ್ಯಾಂಡಿನ ಕೆಳಗೆ ಹಲಗೆಯಿಟ್ಟೆ. ಬ್ರೇಕಿಗೆ ರಬ್ಬರ್ ಪಟ್ಟಿ ಬಿಗಿದೆ, ಬಿಸಿಲಿಗೆ ಒಣಗುವಂಥದಲ್ಲ. ಆದರೂ ಒಂದು ಚೊಂಬು ನೀರು ತಂದು ಅದರ ಮೇಲೆ ಸ್ವಲ್ಪ ಬಿಟ್ಟೆ. ಕವೆಗೋಲು ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಗಾಡಿಯನ್ನು ಸೊಂಟಕ್ಕೆ ವಾಲಿಸಿಕೊಂಡೆ. ವಾಲಿಸಿಕೊಂಡಷ್ಟೂ ಹಗುರವಾಯಿತು. ಕೋಲು ಕೊಟ್ಟು, ಅಲುಗಿಸಿ ನೋಡಿ, ಒಂದು ಮಾರು ದೂರ ಬಂದು ನೆಲಕ್ಕೆ ಕೆನ್ನೆ ಆನಿಸಿದೆ. ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯಾಕೆ, ನಾನೇನೋ ಹುಡುಕುತ್ತಿದ್ದೇನೆಂದುಕೊಂಡು, "ಏನ್ರಿ, ಏನು ಬಿತ್ತು?" ಎಂದರು.

"ಏನೂ ಬಿದ್ದಿಲ್ರಿ," ಎಂದೆ.

ಚಕ್ರದ ಕೆಳಗೆ, ಆ ಕಡೆಯಿಂದ ಈ ಕಡೆಗೆ, ಒಂದು ಎಳೆ ಬಿಸಿಲು. ಕೋಲು ಆಗಲೇ ಕೊಟ್ಟಾಗಿತ್ತು; ಕೂಗುವ ಅಗತ್ಯವೇನೂ ಇರಲಿಲ್ಲ. ಆದರೂ ಮೆಲ್ಲಗೆ ಹೇಳಿದೆ: ಬೆಳಕು ಬಂತು.